ಮುಂದಿನ ಸಾಲಿನ ಬೆಲೆ

ಒಂದು ಕುರ್ಚಿಯ ಬೆಲೆ ಎಷ್ಟು? ಬಡಗಿಯನ್ನು ಕೇಳಿದರೆ ಮರದ ಲೆಕ್ಕ, ಕೂಲಿಯ ಲೆಕ್ಕ ಹೇಳುತ್ತಾನೆ. ಶಾಮಿಯಾನದ ಅಂಗಡಿಯವನನ್ನು ಕೇಳಿದರೆ ದಿನಕ್ಕೆ ಇಷ್ಟು ಬಾಡಿಗೆ ಎನ್ನುತ್ತಾನೆ. ಇಬ್ಬರ ಲೆಕ್ಕವೂ ನಮಗೆ ಅರ್ಥವಾಗುತ್ತದೆ. ಆದರೆ ಅದೇ ಕುರ್ಚಿಯನ್ನು ಒಯ್ದು ಆಟದ ಅಂಕಣದ ಪಕ್ಕದಲ್ಲಿಟ್ಟ ಕೂಡಲೇ ಅದರ ಬೆಲೆ ಈ ಇಬ್ಬರ ಕೈಗೂ ಸಿಕ್ಕದಷ್ಟು ಮೇಲೇರಿಬಿಡುತ್ತದೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಆಗಿರುವುದು ಇದೇ. 94 ಅಡಿ ಉದ್ದ, 50 ಅಡಿ ಅಗಲದ ಮರದ ಅಂಕಣ. ಅದರ ಗೆರೆಯ ಅಂಚಿಗೇ ಒಂದು ಸಾಲು ಕುರ್ಚಿ. ಚೆಂಡಿನ ಹಿಂದೆ ಓಡಿ ಬಂದ ಆಟಗಾರ ಆಯತಪ್ಪಿದರೆ ಆ ಸಾಲಿನಲ್ಲಿ ಕೂತವರ ತೊಡೆಯ ಮೇಲೆಯೇ ಬೀಳುತ್ತಾನೆ. ದೊಡ್ಡ ಪಂದ್ಯಗಳಲ್ಲಿ ಆ ಒಂದು ಕುರ್ಚಿಗೆ ಸಾವಿರಾರು ಡಾಲರು. ನಮ್ಮ ರೂಪಾಯಿಗೆ ತಿರುಗಿಸಿದರೆ ಲಕ್ಷಗಳಲ್ಲಿ ಎಣಿಸಬೇಕು. ಛಾವಣಿಗೆ ಹತ್ತಿರದ ಕೊನೆಯ ಸಾಲಿನಲ್ಲಿ ಕೂತವನು ಕೊಟ್ಟದ್ದು ಅದರಲ್ಲಿ ಒಂದು ಚೂರು ಮಾತ್ರ. ನೋಡುವುದು ಇಬ್ಬರೂ ಅದೇ ಚೆಂಡನ್ನು.

ಅದು ಸಮುದ್ರದಾಚೆಯ ಮಾತು, ನಮಗೇಕೆ ಎನ್ನೋಣವೆಂದರೆ ಚಿತ್ರದುರ್ಗದಿಂದ ಬೆಂಗಳೂರು ಇನ್ನೂರು ಕಿಲೋಮೀಟರು ಅಷ್ಟೇ. ಅಲ್ಲಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2024ರ ಐಪಿಎಲ್ ಪಂದ್ಯಗಳಿಗೆ ತೀರ ಕೆಳಗಿನ ದರ್ಜೆಯ ಟಿಕೆಟ್ಟೇ ಎರಡು ಸಾವಿರ ರೂಪಾಯಿ ದಾಟಿತ್ತು. ಮೇಲಿನ ದರ್ಜೆಯದು ನಲವತ್ತು ಸಾವಿರ ದಾಟಿತ್ತು. 2025ರ ಸೆಪ್ಟೆಂಬರ್ 22ರಿಂದ ಈ ಟಿಕೆಟ್ಟಿನ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 40ಕ್ಕೆ ಏರಿತು. ಅಂದರೆ ಐಷಾರಾಮಿ ಕಾರಿನ ಸಾಲಿಗೆ ಐಪಿಎಲ್ ಟಿಕೆಟ್ಟನ್ನೂ ಸೇರಿಸಿದರು. ಮಾನ್ಯತೆ ಪಡೆದ ಬೇರೆ ಕ್ರೀಡಾಕೂಟಗಳಲ್ಲಿ 500 ರೂಪಾಯಿಯವರೆಗಿನ ಟಿಕೆಟ್ಟಿಗೆ ತೆರಿಗೆಯೇ ಇಲ್ಲವೆಂದು ಇಟ್ಟರು. ತೆರಿಗೆಯ ಅಧಿಕಾರಿಗಳಿಗೂ ಆಟಕ್ಕೂ ಐಷಾರಾಮಕ್ಕೂ ನಡುವೆ ಒಂದು ಗೆರೆ ಕಂಡಿದೆ ಎಂದಾಯಿತು. ಆ ಗೆರೆ ಎಲ್ಲಿದೆ, ಯಾಕಿದೆ ಎಂದು ನಾವೂ ಸ್ವಲ್ಪ ಯೋಚಿಸಿದರೆ ತಪ್ಪಿಲ್ಲ.

ಮೊದಲಿಗೆ ಒಂದು ನ್ಯಾಯದ ಮಾತನ್ನು ಒಪ್ಪಬೇಕು. ದುಡ್ಡಿದ್ದವರು ಕೊಟ್ಟು ಕೂರುತ್ತಾರೆ, ನಿಮಗೇಕೆ ಹೊಟ್ಟೆಕಿಚ್ಚು ಎಂದು ಯಾರಾದರೂ ಕೇಳಿದರೆ ಅದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಸೀರೆ ಅಂಗಡಿಯಲ್ಲಿ ಸಾವಿರದ್ದೂ ಇರುತ್ತದೆ, ಐವತ್ತು ಸಾವಿರದ್ದೂ ಇರುತ್ತದೆ. ಮೊಳಕಾಲ್ಮೂರು ಸೀರೆ ಕೊಂಡವಳ ಮೇಲೆ ಹತ್ತಿ ಸೀರೆ ಕೊಂಡವಳು ದಾವೆ ಹೂಡುವುದಿಲ್ಲ. ಅವಳ ರೇಷ್ಮೆಯಿಂದ ಇವಳ ಹತ್ತಿ ತೆಳ್ಳಗಾಗುವುದಿಲ್ಲವಲ್ಲ. ಹಾಗಿದ್ದರೆ ಕುರ್ಚಿಗೆ ಮಾತ್ರ ಬೇರೆ ನ್ಯಾಯ ಯಾಕೆ?

ಈ ದರ್ಜೆಗಳು ನಮ್ಮ ಊರುಗಳಿಗೆ ಹೊಸತೇನಲ್ಲ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನಂಥ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ನಾಟಕದ ಕಂಪನಿಗಳು ಬಂದು ಕ್ಯಾಂಪು ಹಾಕುತ್ತಿದ್ದ ಕಾಲವನ್ನು ಹಿರಿಯರು ಮರೆತಿಲ್ಲ. ತಗಡಿನ ಗೋಡೆ, ಗೋಣಿತಾಟಿನ ಮರೆ. ಮುಂದೆ ಕುರ್ಚಿ, ಅದರ ಹಿಂದೆ ಬೆಂಚು, ಅದಕ್ಕೂ ಹಿಂದೆ ನೆಲ. ಹೆಂಗಸರಿಗೆ ಒಂದು ಹಗ್ಗ ಕಟ್ಟಿ ಬೇರೆ ಜಾಗ. ಟೂರಿಂಗ್ ಟಾಕೀಸಿನಲ್ಲಿ ಇದೇ ಲೆಕ್ಕ ತಲೆಕೆಳಗು. ಅಲ್ಲಿ ಪರದೆಗೆ ಅಂಟಿಕೊಂಡ ನೆಲವೇ ಅಗ್ಗ, ಹಿಂದಿನ ಕುರ್ಚಿಯೇ ದುಬಾರಿ. ಕತ್ತು ನೋಯಿಸಿಕೊಂಡು ನಾಯಕಿಯ ಮೂಗುತಿಯನ್ನಷ್ಟೇ ನೋಡಿ ಬಂದವರು ಅಗ್ಗದ ಟಿಕೆಟ್ಟಿನವರು. ಹತ್ತಿರವಿರುವುದೇ ದೊಡ್ಡದಾಗಿದ್ದರೆ ಸಿನಿಮಾದಲ್ಲೂ ಮುಂದಿನ ಜಾಗವೇ ದುಬಾರಿಯಾಗಬೇಕಿತ್ತು. ಈಗಿನ ಕ್ರಿಕೆಟ್ಟಿನಲ್ಲಂತೂ ಎಲ್ಲಕ್ಕಿಂತ ದುಬಾರಿ ಜಾಗ ಮೈದಾನದ ಅಂಚಿನದೇ ಆಗಬೇಕಿಲ್ಲ. ಎತ್ತರದಲ್ಲಿ, ಗಾಜಿನ ಹಿಂದೆ, ತಣ್ಣನೆಯ ಗಾಳಿಯಲ್ಲಿ, ಊಟೋಪಚಾರದ ನಡುವೆ ಇರುವ ಕೋಣೆಯೂ ಆಗಬಹುದು. ಆದ್ದರಿಂದ ಜನ ದುಡ್ಡು ಕೊಟ್ಟು ಕೊಳ್ಳುವುದು ಕೇವಲ ಕಣ್ಣಿನ ಸುಖವನ್ನಲ್ಲ. ಕೆಲವರು ಹತ್ತಿರವನ್ನು ಕೊಳ್ಳುತ್ತಾರೆ, ಕೆಲವರು ದೂರವನ್ನು ಕೊಳ್ಳುತ್ತಾರೆ. ಆಟಕ್ಕೆ ಹತ್ತಿರ, ಇಲ್ಲವೇ ಜನರಿಂದ ದೂರ.

ಹಳೆಯ ಕಂಪನಿಗಳ ಪರವಾಗಿ ಒಂದು ಮಾತು ಹೇಳಲೇಬೇಕು. ಅಲ್ಲಿ ಕುರ್ಚಿಯವರು ಕೊಟ್ಟ ಹೆಚ್ಚಿನ ದುಡ್ಡು ನೆಲದವರ ಅಗ್ಗದ ಟಿಕೆಟ್ಟನ್ನು ಹೊರುತ್ತಿತ್ತು. ದಾವಣಗೆರೆಯ ಕೆ.ಬಿ.ಆರ್. ಕಂಪನಿಯನ್ನು ನಡೆಸಿದ ಚಿಂದೋಡಿ ಲೀಲಾ ಅವರಂಥವರ ಬದುಕನ್ನು ನೆನೆಯಿರಿ. 1997ರವರೆಗೆ ದಾವಣಗೆರೆಯೂ ನಮ್ಮ ಚಿತ್ರದುರ್ಗ ಜಿಲ್ಲೆಯ ಊರೇ ಆಗಿತ್ತು. ಒಬ್ಬ ಹೆಣ್ಣುಮಗಳು ಬಣ್ಣವನ್ನೂ ಹಚ್ಚಿ, ಕಂಪನಿಯ ಹೊಣೆಯನ್ನೂ ಹೊತ್ತು, ಪಾತ್ರಧಾರಿಗಳು, ಅಡುಗೆಯವರು, ಪರದೆ ಎಳೆಯುವವರು, ಅವರ ಮಕ್ಕಳು ಎಲ್ಲರ ಅನ್ನವನ್ನೂ ನೋಡಬೇಕು. ಮುಂದಿನ ಸಾಲು ತುಂಬದ ರಾತ್ರಿ ಒಲೆಯ ಮುಂದೆ ಯೋಚನೆ ಶುರು. ಇಂಥಲ್ಲಿ ಮುಂದಿನ ಕುರ್ಚಿಗೆ ಹೆಚ್ಚು ಬೆಲೆ ಇಟ್ಟರೆ ಯಾರೂ ಅನ್ಯಾಯ ಎನ್ನಲಾರರು. ಉಳ್ಳವನು ಹೆಚ್ಚು ಕೊಟ್ಟ, ಇಲ್ಲದವನು ಒಳಗೆ ಬಂದ. ಬೆಲೆಯ ಭೇದ ಇಲ್ಲಿ ಬಾಗಿಲನ್ನು ಅಗಲ ಮಾಡುವ ಉಪಾಯ.

ಇನ್ನೊಂದು ಬಗೆಯ ಬೆಲೆಯೂ ನಮ್ಮಲ್ಲಿದೆ. ಹಿರಿಯೂರಿನ ತೇರುಮಲ್ಲೇಶ್ವರನ ರಥೋತ್ಸವದಲ್ಲಿ ಮುಕ್ತಿ ಬಾವುಟದ ಹರಾಜಾಗುತ್ತದೆ. ಲಕ್ಷಗಟ್ಟಲೆ ಕೂಗಿ ಬಾವುಟ ಪಡೆದವರ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಇದರಲ್ಲೂ ಪ್ರತಿಷ್ಠೆ ಇಲ್ಲವೆನ್ನಲಾರೆ. ಆದರೆ ಗಮನಿಸಿ. ಬಾವುಟ ಕೊಂಡವರು ಯಾರ ಜಾಗವನ್ನೂ ಕೊಂಡಿಲ್ಲ. ತೇರು ಎಳೆಯುವ ಹಗ್ಗಕ್ಕೆ ಕೈ ಹಾಕಲು ಟಿಕೆಟ್ಟಿಲ್ಲ. ಬಾಳೆಹಣ್ಣು ಎಸೆಯುವ ಮುದುಕಿಗೂ ತೇರಿನ ಕಳಸ ಕಾಣುತ್ತದೆ, ಹರಾಜು ಗೆದ್ದವರಿಗೂ ಅದೇ ಕಳಸ ಕಾಣುತ್ತದೆ. ಹಣ ಗೌರವವನ್ನು ಕೊಂಡಿತು, ನೋಟವನ್ನು ಕೊಳ್ಳಲಿಲ್ಲ.

ಹಾಗಾದರೆ ದುಬಾರಿ ಕುರ್ಚಿಯ ಮುಂದೆ ಮೂರು ಪ್ರಶ್ನೆ ಇಡಬಹುದು ಎಂದು ನನಗೆ ಅನ್ನಿಸುತ್ತದೆ. ಮುಂದಿನ ಸಾಲಿನ ದುಡ್ಡು ಹಿಂದಿನ ಸಾಲನ್ನು ಸಾಕುತ್ತಿದೆಯೇ? ಮುಂದೆ ಕೂತವರಿಂದ ಹಿಂದಿನವರ ನೋಟ ಕಡಿಮೆಯಾಗುತ್ತಿದೆಯೇ? ಹೊರಗೆ ಉಳಿದವರು ದುಡ್ಡಿಲ್ಲದ ಒಂದೇ ಕಾರಣಕ್ಕೆ ಉಳಿದರೇ? ನಾಟಕದ ಕಂಪನಿ ಮೊದಲನೆಯದರಲ್ಲಿ ಪಾರಾಗುತ್ತದೆ. ಮುಕ್ತಿ ಬಾವುಟ ಎರಡನೆಯದರಲ್ಲಿ ಪಾರಾಗುತ್ತದೆ. ಎರಡು ಸಾವಿರಕ್ಕೆ ಶುರುವಾಗಿ ನಲವತ್ತು ಸಾವಿರಕ್ಕೆ ಮುಗಿಯುವ ಟಿಕೆಟ್ಟು ಎಲ್ಲಿ ಪಾರಾಗುತ್ತದೆ? ಅಲ್ಲಿ ಮೇಲಿನದೂ ಏರಿದೆ, ಕೆಳಗಿನದೂ ಏರಿದೆ. ನೆಲ ಎಂಬ ದರ್ಜೆಯೇ ಅಲ್ಲಿಲ್ಲ. ಗಂಡ, ಹೆಂಡತಿ, ಎರಡು ಮಕ್ಕಳು ಹೋದರೆ ಕಡಿಮೆಯ ಟಿಕೆಟ್ಟಿಗೇ ಎಂಟು ಹತ್ತು ಸಾವಿರ. ಮನೆ ನಡೆಸುವ ಹೆಂಗಸಿಗೆ ಅದು ಯಾವ ಡಬ್ಬಿಯಿಂದ ತೆಗೆಯಬೇಕಾದ ದುಡ್ಡು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ಆಗುವುದೇನು? ಅಪ್ಪ ಮಗ ಹೋಗಿ ಬರುತ್ತಾರೆ, ತಾಯಿ ಮಗಳು ಟಿವಿಯಲ್ಲಿ ನೋಡುತ್ತಾರೆ. ಬೆಲೆ ಏರಿದಾಗಲೆಲ್ಲ ಮನೆಯೊಳಗೂ ಒಂದು ಮುಂದಿನ ಸಾಲು, ಒಂದು ಹಿಂದಿನ ಸಾಲು ತಾನಾಗಿ ಏರ್ಪಡುತ್ತದೆ.

ಈಗ ಸೀರೆ ಅಂಗಡಿಯ ಪ್ರಶ್ನೆಗೆ ಮರಳೋಣ. ಅಂಗಡಿಯಲ್ಲಿ ಭೇದವಿದ್ದರೆ ನಮಗೆ ಕೆಡುಕೆನಿಸುವುದಿಲ್ಲ. ಆದರೆ ಊಟದ ಪಂಕ್ತಿಯಲ್ಲಿ ಒಬ್ಬರ ಎಲೆಗೆ ತುಪ್ಪ ಸುರಿದು ಪಕ್ಕದ ಎಲೆಗೆ ತೋರಿಸಿಕೊಂಡು ಹೋದರೆ ಕೆಡುಕೆನಿಸುತ್ತದೆ. ಇದಕ್ಕೆ ನಮ್ಮ ಭಾಷೆಯಲ್ಲಿ ಒಂದು ಹೆಸರೇ ಇದೆ, ಪಂಕ್ತಿಭೇದ. ಜಾತಿಯ ಹೆಸರಿನಲ್ಲಿ ಆ ಪಾಪವನ್ನು ನಮ್ಮ ಸಮಾಜ ಬೇಕಾದಷ್ಟು ಮಾಡಿದೆ, ಅದನ್ನು ಮರೆಯಬಾರದು. ಆದರೂ ಅದನ್ನು ಪಾಪವೆಂದು ಕರೆಯುವಷ್ಟು ವಿವೇಕವೂ ನಮ್ಮಲ್ಲೇ ಇತ್ತು. ಬಡಿಸುವ ಸೌಟು ಹಿಡಿದ ಯಾವ ಹೆಂಗಸಿಗೂ ಇದು ಗೊತ್ತು. ಪಲ್ಯ ಸಾಲದು ಅನ್ನಿಸಿದಾಗ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಡಿಮೆ ಹಾಕುತ್ತಾಳೆಯೇ ಹೊರತು ಮೊದಲ ನಾಲ್ಕು ಎಲೆಗೆ ರಾಶಿ ಹಾಕಿ ಉಳಿದವರಿಗೆ ಕೈಯಾಡಿಸುವುದಿಲ್ಲ.

ಹಾಗಾದರೆ ಆಟದ ಮೈದಾನ ಅಂಗಡಿಯೋ, ಪಂಕ್ತಿಯೋ? ಪ್ರಶ್ನೆಯ ಗಂಟು ಇರುವುದು ಇಲ್ಲಿ. ಅಂಗಡಿಯಲ್ಲಿ ನಾನು ಕೊಳ್ಳುವ ಸೀರೆಗೆ ಪಕ್ಕದವಳು ಏನನ್ನೂ ಸೇರಿಸುವುದಿಲ್ಲ. ಮೈದಾನದಲ್ಲಿ ಹಾಗಲ್ಲ. ಅಲ್ಲಿ ನೋಡುವವರೂ ಆಟದ ಒಂದು ಭಾಗ. 2020ರಲ್ಲಿ ಕೊರೋನಾ ಬಂದಾಗ ಇದು ಎಲ್ಲರ ಕಣ್ಣಿಗೂ ಬಿತ್ತು. ಆ ವರ್ಷ ಐಪಿಎಲ್ಲನ್ನು ಅರಬ್ ದೇಶಕ್ಕೆ ಒಯ್ದು ಖಾಲಿ ಮೈದಾನಗಳಲ್ಲಿ ಆಡಿಸಿದರು. ಖಾಲಿತನವನ್ನು ಸಹಿಸಲಾರದೆ ಮೊದಲೇ ಮುದ್ರಿಸಿದ ಜನರ ಕೂಗನ್ನು ಹಾಕಿದರು. ಅದೇ ವರ್ಷ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ಫ್ಲಾರಿಡಾದ ಒಂದೇ ಜಾಗದಲ್ಲಿ, ಹೊರಗಿನವರಿಗೆ ಪ್ರವೇಶವಿಲ್ಲದೆ ನಡೆದವು. ಅಂಕಣದ ಸುತ್ತ ದೊಡ್ಡ ಪರದೆಗಳನ್ನು ನಿಲ್ಲಿಸಿ, ಮನೆಯಲ್ಲಿ ಕೂತವರ ಮುಖಗಳನ್ನು ಅದರಲ್ಲಿ ತೋರಿಸಿದರು. ಆಟಗಾರರು ಅವರೇ, ಚೆಂಡು ಅದೇ, ಆದರೂ ಏನೋ ಸತ್ತ ಹಾಗಿತ್ತು. ಇಲ್ಲವಾದದ್ದು ಮುಂದಿನ ಸಾಲಿನ ನೂರು ಜನರಲ್ಲ, ಹಿಂದಿನ ಸಾವಿರಾರು ಜನರ ಗಂಟಲು. ನಲವತ್ತು ಸಾವಿರ ಕೊಟ್ಟವನು ಕೊಳ್ಳುವುದರಲ್ಲಿ ಎರಡು ಸಾವಿರ ಕೊಟ್ಟವನ ಕೂಗೂ ಸೇರಿದೆ. ಆ ಕೂಗಿಗೆ ಅವನಿಗೆ ಯಾರೂ ಕೂಲಿ ಕೊಡುವುದಿಲ್ಲ, ಬದಲಿಗೆ ಅವನಿಂದಲೇ ದುಡ್ಡು ಕೀಳುತ್ತಾರೆ. ಎಲ್ಲರೂ ಸೇರಿ ಮಾಡಿದ ಅಡುಗೆಯ ಊಟ ಪಂಕ್ತಿಯ ಊಟವೇ. ಅಲ್ಲಿ ಅಂಗಡಿಯ ನ್ಯಾಯ ಸಾಲದು.

ಅಮೆರಿಕದ ತತ್ತ್ವಶಾಸ್ತ್ರಜ್ಞ ಮೈಕೆಲ್ ಸ್ಯಾಂಡೆಲ್ ಹಣದಿಂದ ಏನನ್ನು ಕೊಳ್ಳಬಾರದು ಎಂಬುದರ ಬಗ್ಗೆ 2012ರಲ್ಲಿ ಒಂದು ಪುಸ್ತಕ ಬರೆದರು. ಅದರಲ್ಲಿ ಅವರೂ ಕ್ರೀಡಾಂಗಣದ ಗಾಜಿನ ಕೋಣೆಗಳ ಮಾತೆತ್ತುತ್ತಾರೆ. ಹಿಂದೆ ಸಾಹುಕಾರನೂ ಗುಮಾಸ್ತನೂ ಒಂದೇ ಮಳೆಯಲ್ಲಿ ನೆನೆದು, ಒಂದೇ ಸಾಲಿನಲ್ಲಿ ನಿಂತು ತಿಂಡಿ ಕೊಳ್ಳುತ್ತಿದ್ದ ಜಾಗ ಅದು. ಈಗ ಅವರು ಒಬ್ಬರಿಗೊಬ್ಬರು ಎದುರಾಗುವುದೇ ಇಲ್ಲ. ಎದುರಾಗದವರು ಒಂದು ನಾಡಾಗಿ ಬಾಳುವುದು ಹೇಗೆ ಎಂಬುದು ಅವರ ಚಿಂತೆ. ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನಮ್ಮಲ್ಲಿ ಜನ ಎದುರಾಗುವ ಜಾಗಗಳೇ ಕಡಿಮೆ. ಬಾವಿ ಬೇರೆ, ಬೀದಿ ಬೇರೆ, ಊಟ ಬೇರೆ ಎಂದು ಬದುಕಿದ ಊರುಗಳಲ್ಲಿ ಜಾತ್ರೆ, ನಾಟಕ, ಆಟ ಇಂಥವೇ ಒಂದಿಷ್ಟು ಬೆರೆಯುವ ತಾಣಗಳಾಗಿದ್ದವು. ಅವನ್ನೂ ಬೇಲಿ ಹಾಕಿ ಹಂಚಿದರೆ ಉಳಿಯುವುದೇನು?

ಸಿನಿಮಾದ ವಿಷಯದಲ್ಲಿ ನಮ್ಮ ಸರ್ಕಾರ ಇದನ್ನು ಕಾನೂನಿನಿಂದ ಸರಿಪಡಿಸಲು ಹೊರಟಿತ್ತು. 2025ರ ಸೆಪ್ಟೆಂಬರಿನಲ್ಲಿ ತೆರಿಗೆ ಬಿಟ್ಟು 200 ರೂಪಾಯಿಗಿಂತ ಹೆಚ್ಚು ದರ ಇಡಬಾರದೆಂದು ನಿಯಮ ಮಾಡಿತು. ಆದರೆ 75 ಅಥವಾ ಅದಕ್ಕೂ ಕಡಿಮೆ ಕುರ್ಚಿಗಳಿರುವ, ವಿಶೇಷ ಸೌಲಭ್ಯದ ಪರದೆಗಳಿಗೆ ವಿನಾಯಿತಿ ಕೊಟ್ಟಿತು. ಅದೇ ತಿಂಗಳಲ್ಲಿ ಹೈಕೋರ್ಟು ನಿಯಮಕ್ಕೆ ತಡೆ ನೀಡಿತು. ಕಾನೂನಿನ ವಾದ ಏನೇ ಇರಲಿ, ಆ ವಿನಾಯಿತಿ ಮಾತ್ರ ಯೋಚಿಸುವಂಥದ್ದು. ಎಪ್ಪತ್ತೈದು ಜನಕ್ಕೆ ಪ್ರತ್ಯೇಕ ಕೋಣೆ ಇದ್ದರೆ ಅವರು ಎಷ್ಟಾದರೂ ಕೊಡಲಿ, ಉಳಿದ ಎಲ್ಲರಿಗೂ ಒಂದು ಮಿತಿ ಇರಲಿ ಎಂಬುದು ಅದರ ತಾತ್ಪರ್ಯ. ಅಂಗಡಿಯನ್ನು ಅಂಗಡಿಯಾಗಿರಲು ಬಿಟ್ಟು, ಪಂಕ್ತಿಯನ್ನು ಪಂಕ್ತಿಯಾಗಿ ಉಳಿಸುವ ಪ್ರಯತ್ನ ಎಂದು ನಾನು ಅದನ್ನು ಓದಿಕೊಂಡೆ.

ಕಾನೂನಿಲ್ಲದೆಯೂ ದಾರಿಗಳಿವೆ. 2019ರ ಅಕ್ಟೋಬರಿನಲ್ಲಿ ಅಮೆರಿಕದ ಎರಡು ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡಗಳು, ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್, ಮುಂಬಯಿಗೆ ಬಂದು ಎರಡು ದಿನ ಆಡಿದವು. ಎರಡನೆಯ ದಿನದ ಪಂದ್ಯ ಟಿಕೆಟ್ಟು ಕೊಂಡವರಿಗೆ. ಮೊದಲ ದಿನದ್ದು ಶಾಲೆಗಳ ಮೂರು ಸಾವಿರ ಮಕ್ಕಳಿಗೆ. ಮಕ್ಕಳ ಮುಂದೆ ನಡೆದ ಪಂದ್ಯವೇ ರೋಚಕವಾಯಿತು. ಸಮಸಮವಾಗಿ, ಹೆಚ್ಚುವರಿ ಸಮಯಕ್ಕೆ ಹೋಗಿ, ಪೇಸರ್ಸ್ ತಂಡ 132-131ರಲ್ಲಿ ಒಂದೇ ಒಂದು ಅಂಕದಿಂದ ಗೆದ್ದಿತು. ದುಡ್ಡು ಕೊಟ್ಟವರು ಮರುದಿನ ನೋಡಿದ್ದು 130-106ರ ಸಪ್ಪೆ ಗೆಲುವು. ದುಬಾರಿ ಟಿಕೆಟ್ಟಿಗೆ ಒಳ್ಳೆಯ ಆಟವೇ ಸಿಗುತ್ತದೆಂಬ ಭರವಸೆಯನ್ನು ಯಾವ ದೇವರೂ ಕೊಟ್ಟಿಲ್ಲ.

ಇನ್ನೂ ಹಿಂದೆ ಹೋದರೆ ಪ್ರಾಚೀನ ಅಥೆನ್ಸಿನ ಗ್ರೀಕರು ನಾಟಕಕ್ಕೆ ಪ್ರವೇಶದರ ಇಟ್ಟಿದ್ದರು. ಜೊತೆಗೆ, ಆ ದರ ತೆರಲಾರದ ಪ್ರಜೆಗಳಿಗೆ ಸಾರ್ವಜನಿಕ ನಿಧಿಯಿಂದ ಹಣ ಕೊಡುವ ಪದ್ಧತಿಯನ್ನೂ ಮಾಡಿದ್ದರು. ಮುಂದಿನ ಸಾಲು ಅವರಲ್ಲೂ ಇತ್ತು, ಆದರೆ ಅದು ಮಾರಾಟಕ್ಕಿರಲಿಲ್ಲ. ದೇವರ ಅರ್ಚಕನಿಗೆ, ಊರಿಗೆ ಉಪಕಾರ ಮಾಡಿದವರಿಗೆ, ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಮಕ್ಕಳಿಗೆ ಅದು ಗೌರವದ ಜಾಗ. ಅಲ್ಲಿ ಹೆಂಗಸರಿಗೆ, ಆಳುಗಳಿಗೆ ಪ್ರಜೆಯ ಸ್ಥಾನವೇ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ಆದರೂ ತಬ್ಬಲಿ ಮಗುವನ್ನು ಮುಂದಿನ ಸಾಲಿಗೆ ಕರೆದೊಯ್ದ ಆ ಊರಿನ ಬುದ್ಧಿಯಿಂದ ಕಲಿಯುವುದಿದೆ. ಮುಂದೆ ಯಾರು ಕೂರಬೇಕು ಎಂಬುದಕ್ಕೆ ಒಂದು ಊರು ಕೊಡುವ ಉತ್ತರದಲ್ಲಿ ಆ ಊರು ಯಾರನ್ನು ದೊಡ್ಡವರೆಂದು ತಿಳಿದಿದೆ ಎಂಬುದು ಗೊತ್ತಾಗಿಬಿಡುತ್ತದೆ.

ಗ್ರೀಕರ ಆ ಬಯಲು ರಂಗಮಂದಿರದ ಮಾದರಿಯೊಂದು ನಮ್ಮ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿಯೇ ಇದೆ. ಪಂಡಿತಾರಾಧ್ಯ ಸ್ವಾಮೀಜಿಯವರ ಆಸಕ್ತಿಯಿಂದ ಅಲ್ಲಿ ನಾಟಕ ನೆಲೆನಿಂತಿತು. 1997ರಿಂದ ಶಿವಸಂಚಾರದ ತಂಡ ನಾಡಿನ ಊರೂರು ತಿರುಗಿ ನಾಟಕ ಆಡುತ್ತ ಬಂದಿದೆ. ನವೆಂಬರಿನ ನಾಟಕೋತ್ಸವಕ್ಕೆ ಸುತ್ತಲಿನ ಹಳ್ಳಿಗಳಿಂದ ಸಾವಿರಾರು ಜನ ಬಂದು ಅರ್ಧ ವೃತ್ತದ ಮೆಟ್ಟಿಲುಗಳ ಮೇಲೆ ಕೂರುತ್ತಾರೆ. ಮೆಟ್ಟಿಲಿನ ಗುಣ ನೋಡಿ. ಹಿಂದೆ ಹೋದಷ್ಟೂ ಎತ್ತರಕ್ಕೆ ಹೋಗುತ್ತೀರಿ. ಆದ್ದರಿಂದ ಮುಂದಿನವರ ತಲೆ ಹಿಂದಿನವರಿಗೆ ಅಡ್ಡಿಯಲ್ಲ. ಕಟ್ಟುವಾಗಲೇ ನ್ಯಾಯವನ್ನು ಸೇರಿಸಿ ಕಟ್ಟಿದರೆ ಆಮೇಲೆ ಜಗಳವೇ ಇರುವುದಿಲ್ಲ.

ಇಷ್ಟು ಯೋಚಿಸುತ್ತಿರುವಾಗ ಒಂದು ದಿನವನ್ನು ಮರೆಯಲಾಗುವುದಿಲ್ಲ. 2025ರ ಜೂನ್ 4. ಬೆಂಗಳೂರಿನ ತಂಡ ಹದಿನೆಂಟನೇ ಐಪಿಎಲ್‌ನಲ್ಲಿ ಮೊದಲ ಬಾರಿ ಕಪ್ಪು ಗೆದ್ದ ಮರುದಿನ. ಸುಮಾರು ಮೂವತ್ತೈದು ಸಾವಿರ ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ನೆರೆದರು. ಬಾಗಿಲುಗಳ ಬಳಿ ನೂಕುನುಗ್ಗಲಾಗಿ 11 ಜನ ಸತ್ತರು. ಹೆಚ್ಚಿನವರು ಎಳೆಯರು. ದುಬಾರಿ ಕುರ್ಚಿಯಿಂದ ಅವರು ಸತ್ತರೆಂದು ನಾನು ಹೇಳಲಾರೆ, ಅದರ ಕಾರಣಗಳು ಬೇರೆ, ಹೊಣೆಯ ವಿಚಾರಣೆ ಬೇರೆ. ಆದರೆ ಆ ಬಾಗಿಲ ಮುಂದೆ ನಿಂತ ಆಸೆಯ ಬಗ್ಗೆ ತಾಯಂದಿರಾದ ನಾವು ಯೋಚಿಸದಿರಲಾರೆವು. ಕಣ್ಣೆದುರಿಗೆ ಒಮ್ಮೆ ನೋಡಬೇಕೆಂಬ ಆಸೆ ದುಡ್ಡಿದ್ದವರಿಗೂ ಇಲ್ಲದವರಿಗೂ ಒಂದೇ ಅಳತೆಯದು. ವರ್ಷವೆಲ್ಲ ಬಾಗಿಲು ಕಿರಿದಾಗಿದ್ದಲ್ಲಿ, ಒಂದು ದಿನ ತೆರೆದೀತು ಎಂಬ ಸುದ್ದಿ ಬಂದರೆ ಸಾಕು, ಜನ ಜೀವದ ಹಂಗು ಮರೆತು ಓಡುತ್ತಾರೆ.

ಬೆಲೆ ಇರುವಲ್ಲೆಲ್ಲ ಯೋಗ್ಯತೆ ಇದೆ, ಬೆಲೆ ಇಲ್ಲದಲ್ಲಿ ಯೋಗ್ಯತೆಯೂ ಇಲ್ಲ ಎಂದು ಮಕ್ಕಳು ತಿಳಿಯುವುದು ಇನ್ನೊಂದು ನಷ್ಟ. 2017ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾದ ಮಹಿಳಾ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯಿತು. ನಮ್ಮ ಹುಡುಗಿಯರು ಕಝಾಕಸ್ತಾನವನ್ನು 75-73ರಿಂದ ಸೋಲಿಸಿ ಬಿ ವಿಭಾಗದ ಪ್ರಶಸ್ತಿ ಗೆದ್ದರು. ಎರಡೇ ಅಂಕದ ಅಂತರ, ಉಸಿರು ಬಿಗಿಹಿಡಿಯುವ ಆಟ. ಇದನ್ನು ಎಷ್ಟು ಮನೆಗಳಲ್ಲಿ ನೆನಪಿಟ್ಟಿದ್ದಾರೆ ಕೇಳಿ ನೋಡಿ. ಚಿತ್ರದುರ್ಗದ ಜಿಲ್ಲಾ ಕ್ರೀಡಾಂಗಣಕ್ಕೆ ನಾವು ಒನಕೆ ಓಬವ್ವನ ಹೆಸರಿಟ್ಟಿದ್ದೇವೆ. ಶಾಲೆಯ ಹೆಣ್ಣುಮಕ್ಕಳು ಆಡುವಾಗ ಮೈದಾನದ ಸುತ್ತಲಿನ ಮೆಟ್ಟಿಲುಗಳು ಖಾಲಿ ಹೊಡೆಯುತ್ತಿದ್ದರೆ ಆ ಹೆಸರಿಟ್ಟು ಏನು ಬಂತು? ಒಂದು ಕಡೆ ನಲವತ್ತು ಸಾವಿರಕ್ಕೂ ಸಿಗದ ಜಾಗ, ಇನ್ನೊಂದು ಕಡೆ ಬಿಟ್ಟಿ ಕೊಟ್ಟರೂ ಯಾರೂ ಕೂರದ ಜಾಗ. ಎರಡೂ ಒಂದೇ ರೋಗದ ಎರಡು ಲಕ್ಷಣ.

ದೊಡ್ಡ ಕ್ರೀಡಾಂಗಣಗಳ ದರ ಇಳಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಸಣ್ಣಪುಟ್ಟ ಮುಂದಿನ ಸಾಲುಗಳು ನಮ್ಮ ಕೈಯಲ್ಲೇ ಇವೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮೊದಲ ಮೂರು ಸಾಲಿಗೆ ಸೋಫಾ ಹಾಕಿ, ದೇಣಿಗೆ ಕೊಟ್ಟವರನ್ನು ಕೂರಿಸಿ, ಕುಣಿಯುವ ಮಗುವಿನ ತಾಯಿ ಹಿಂದೆ ತುದಿಗಾಲಲ್ಲಿ ನಿಲ್ಲುವಂತೆ ಮಾಡುವವರು ನಮ್ಮವರೇ. ಮದುವೆ ಛತ್ರದಲ್ಲಿ ಗಣ್ಯರಿಗೆಂದು ಬೇರೆ ಊಟದ ಮನೆ ಮಾಡುವವರೂ ನಮ್ಮವರೇ. ಮಹಿಳಾ ಸಮಾಜದ ಸಭೆಯಲ್ಲಿ ಅಧಿಕಾರಿಯ ಹೆಂಡತಿ ತಡವಾಗಿ ಬಂದರೂ ಮುಂದಿನ ಕುರ್ಚಿ ಖಾಲಿ ಕಾಯುತ್ತದೆ, ಮೊದಲೇ ಬಂದ ಅಂಗನವಾಡಿ ಸಹಾಯಕಿ ಗೋಡೆಗೆ ಒರಗಿರುತ್ತಾಳೆ. ಇವನ್ನು ಬದಲಾಯಿಸಲು ಜಿಎಸ್‌ಟಿ ಮಂಡಳಿಯೂ ಬೇಡ, ಹೈಕೋರ್ಟೂ ಬೇಡ. ಮುಂದಿನ ಸಾಲು ಆಯಾ ಮಗುವಿನ ತಾಯಿಗೆ, ಕಣ್ಣು ಮಂದವಾದ ಅಜ್ಜಿಗೆ, ಕಾಲು ಸ್ವಾಧೀನವಿಲ್ಲದವರಿಗೆ ಎಂದು ಒಂದು ಚೀಟಿ ಬರೆದು ಅಂಟಿಸಿದರೆ ಸಾಕು.

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ತುಂಬಿ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಎಂಬತ್ತೊಂಬತ್ತು ವರ್ಷ ಕಾದ ನೀರನ್ನು ನೋಡಲು ಜಿಲ್ಲೆಗೆ ಜಿಲ್ಲೆಯೇ ಮಾರಿಕಣಿವೆಗೆ ಹೊರಟಿತು. ಇಂಥ ಕಡೆಗಳಲ್ಲಿ ನಮ್ಮ ಹೆಂಗಸರು ಜಾಗ ಮಾಡಿಕೊಳ್ಳುವ ರೀತಿಯೇ ಒಂದು. ‘ಒಂಚೂರು ಜರುಗಮ್ಮ, ಕೂಸು ಐತೆ’ ಎನ್ನುತ್ತಾರೆ. ಗುರುತಿಲ್ಲದ ಇನ್ನೊಬ್ಬಳು ಗೊಣಗುತ್ತಲೇ ಆದರೂ ಸೆರಗು ಎಳೆದುಕೊಂಡು ಜರುಗುತ್ತಾಳೆ. ನಂಬರು ಹಾಕಿದ ಕುರ್ಚಿಯಲ್ಲಿ ಕೂತವರಿಗೆ ಈ ಮಾತನ್ನು ಹೇಳಲಾಗುವುದಿಲ್ಲ, ಅವರಿಂದ ಕೇಳಲೂ ಆಗುವುದಿಲ್ಲ. ಅವರ ಜಾಗ ಅವರದು, ಪೂರ್ತಿ ಪಾವತಿಯಾದದ್ದು. ಬೆಂಚಿನ ಮೇಲೆ, ಮೆಟ್ಟಿಲ ಮೇಲೆ, ಏರಿಯ ಮೇಲೆ ಕೂತವರ ಜಾಗ ಮಾತ್ರ ಇನ್ನೊಬ್ಬರು ಬಂದಾಗ ಸ್ವಲ್ಪ ಹಿಗ್ಗುತ್ತದೆ. ನಮ್ಮ ಮಕ್ಕಳು ಯಾವ ಬೆಲೆಯ ಕುರ್ಚಿಯಲ್ಲಾದರೂ ಕೂರಲಿ, ಜರುಗುವುದನ್ನು ಮಾತ್ರ ಮರೆಯದಿರಲಿ.